ಮರ್ಮಗೋವಾ ಬಂದರಿನ ರೇಡಿಯೊ: ಯುದ್ಧಕಾಲದ ಸರಕು ಹಡಗು ನಿಜಕ್ಕೂ ಎಷ್ಟು ಮಾತಾಡಿತು?

1943ರ ಮಾರ್ಚ್ 9ರ ರಾತ್ರಿ, ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮರ್ಮಗೋವಾ ಬಂದರಿನಲ್ಲಿ ನಾಲ್ಕು ಸರಕು ಹಡಗುಗಳು ನಾಶವಾದವು. ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನಿಯವು, ಆನ್ಫೊರಾ ಇಟಲಿಯದು. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥವಾಗಿದ್ದುದರಿಂದ ಈ ಹಡಗುಗಳು ವರ್ಷಗಟ್ಟಲೆ ಅಲ್ಲಿ ಲಂಗರು ಹಾಕಿಕೊಂಡು ಕೂತಿದ್ದವು. ಎಹ್ರೆನ್‌ಫೆಲ್ಸ್ ಮೇಲೆ ಏರಿ ಬಂದವರು ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ಎಂಬ ಪಡೆಗಳ 18 ಮಂದಿ. ಹೆಚ್ಚಿನವರು ನಡುವಯಸ್ಸು ದಾಟುತ್ತಿದ್ದ ಕಂಪೆನಿ ಅಧಿಕಾರಿಗಳು, ವ್ಯಾಪಾರಿಗಳು. ಅವರನ್ನು ಕಳಿಸಿದ್ದು ಬ್ರಿಟನ್ನಿನ ಗುಪ್ತ ಕಾರ್ಯಾಚರಣೆ ಸಂಸ್ಥೆಯಾದ ಎಸ್‌ಒಇ. ಮುಂದಾಳು ಲೂಯಿಸ್ ಪ್ಯೂ. ಬಂದ ವಾಹನ ಫೀಬಿ ಎಂಬ ಹೂಳು ಸಾಗಿಸುವ ಹಡಗು. ಎಹ್ರೆನ್‌ಫೆಲ್ಸ್‌ನ ಕಪ್ತಾನ ರೋಫರ್ ಆ ರಾತ್ರಿ ಸತ್ತ. ಗದ್ದಲ ಕೇಳಿದ ಉಳಿದ ಮೂರು ಹಡಗುಗಳ ಸಿಬ್ಬಂದಿ, ಶತ್ರುವಿನ ಕೈಗೆ ಸಿಗದಿರಲೆಂದು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ನಮ್ಮ ಕಾರವಾರದಿಂದ ಎಂಬತ್ತು ಕಿಲೋಮೀಟರಿನೊಳಗೆ ನಡೆದ ಈ ಘಟನೆ 35 ವರ್ಷ ಗುಟ್ಟಾಗಿಯೇ ಉಳಿಯಿತು. 1978ರಲ್ಲಿ ಜೇಮ್ಸ್ ಲೀಸರ್ 'ಬೋರ್ಡಿಂಗ್ ಪಾರ್ಟಿ' ಎಂಬ ಪುಸ್ತಕ ಬರೆದರು. 1980ರಲ್ಲಿ ಅದೇ ಕಥೆ 'ದ ಸೀ ವುಲ್ವ್ಸ್' ಎಂಬ ಚಲನಚಿತ್ರವಾಯಿತು.

ಪುಸ್ತಕವೂ ಚಿತ್ರವೂ ದಾಳಿಗೆ ಕೊಡುವ ಕಾರಣ ಒಂದೇ. ಎಹ್ರೆನ್‌ಫೆಲ್ಸ್‌ನಲ್ಲಿ ಗುಪ್ತ ರೇಡಿಯೊ ಟ್ರಾನ್ಸ್‌ಮಿಟರ್ ಇತ್ತು, ಮಿತ್ರರಾಷ್ಟ್ರಗಳ ಹಡಗುಗಳ ಸಂಚಾರದ ವಿವರ ಅಲ್ಲಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ತಲುಪುತ್ತಿತ್ತು, ಆ ಟ್ರಾನ್ಸ್‌ಮಿಟರ್ ಬಾಯಿಮುಚ್ಚಿದ್ದರಿಂದ ನೂರಾರು ಜೀವ ಉಳಿದವು ಎಂಬುದು ಅದು. ಈ ಮಾತು ನಿಜವೇ ಎಂಬ ಪ್ರಶ್ನೆ ಗೋವಾದ ಗಡಿಯೊಳಗೆ ನಿಲ್ಲುವಂಥದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗಿನ ರೇಡಿಯೊ ಏನು ಮಾಡಬಲ್ಲುದಾಗಿತ್ತು, ಏನು ಮಾಡಿತು, ಅದು ಏನೋ ಮಾಡುತ್ತಿದೆ ಎಂದು ಜನ ಏನೇನು ಹೆದರಿದರು ಎಂಬ ಮೂರು ಬೇರೆ ಸಂಗತಿಗಳನ್ನು ಬಿಡಿಸಿಕೊಂಡರೆ ಮಾತ್ರ ಉತ್ತರದ ಹತ್ತಿರ ಹೋಗಬಹುದು. ನನ್ನ ವಾದ ಹೀಗಿದೆ: ರೇಡಿಯೊ ಅಧಿಕಾರಿ ತಿಳಿದೇ ಒತ್ತಿದ ಮೋರ್ಸ್ ಕೀ ಯುದ್ಧದ ಗತಿಯನ್ನು ಬದಲಿಸಿದ್ದಕ್ಕೆ ಗಟ್ಟಿ ಪುರಾವೆ ಇದೆ, ಕದ್ದು ಕಳಿಸಿದ, ತಾನಾಗಿ ಸೋರಿದ ಅಲೆಗಳ ವಿಷಯದಲ್ಲಿ ಮಾತ್ರ ಎರಡೂ ಕಡೆಯವರ ಭಯ ಪುರಾವೆಗಿಂತ ಬಹಳ ಮುಂದೆ ಓಡಿತು. ಮರ್ಮಗೋವಾದ ಕಥೆ ಈ ಎರಡನೆಯ ಗುಂಪಿಗೆ ಸೇರಿದ್ದು.

ನೆರವಿಗೆ ಕೂಗಲು ಹುಟ್ಟಿದ ಯಂತ್ರ

ಹಡಗಿನ ರೇಡಿಯೊ ಶಾಂತಿಕಾಲದ ಕೂಸು. 1912ರಲ್ಲಿ ಟೈಟಾನಿಕ್ ಮುಳುಗುವಾಗ ಅದರ ಕರೆ ಕೇಳಿ ಕಾರ್ಪೇತಿಯಾ ಓಡಿ ಬಂತು. ಅದಕ್ಕಿಂತ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಏಕೈಕ ರೇಡಿಯೊ ಅಧಿಕಾರಿ ಆ ಹೊತ್ತಿಗೆ ಮಲಗಿದ್ದ. ಆಮೇಲಿನ ನಿಯಮಗಳೆಲ್ಲ ಈ ಒಂದು ನಿದ್ದೆಗೆ ಕೊಟ್ಟ ಉತ್ತರ ಎಂದರೂ ನಡೆಯುತ್ತದೆ. 1914ರಲ್ಲಿ ಲಂಡನ್ನಿನಲ್ಲಿ ಮೊದಲ ಸಮುದ್ರ ಸುರಕ್ಷಾ ಒಪ್ಪಂದವಾಯಿತು. 1929ರ ಒಪ್ಪಂದ 1,600 ಟನ್ನಿಗೆ ಮೇಲ್ಪಟ್ಟ ಸರಕು ಹಡಗುಗಳಿಗೂ ರೇಡಿಯೊವನ್ನು ಕಡ್ಡಾಯಗೊಳಿಸಿತು. 600 ಮೀಟರ್ ಅಲೆ, ಅಂದರೆ 500 ಕಿಲೋಸೈಕಲ್, ಲೋಕದ ಎಲ್ಲ ಹಡಗುಗಳಿಗೂ ವಿಪತ್ಕರೆಯ ತಾಣವಾಯಿತು. ಪ್ರತಿ ಗಂಟೆಯ 15ರಿಂದ 18ನೆಯ ಮತ್ತು 45ರಿಂದ 48ನೆಯ ನಿಮಿಷದವರೆಗೆ ಆ ಅಲೆಯಲ್ಲಿ ಯಾರೂ ಮಾತಾಡದೆ ಕೇಳಬೇಕು. ದುರ್ಬಲ ದನಿಯೊಂದಿದ್ದರೆ ಅದಕ್ಕೆ ಜಾಗ ಸಿಗಲಿ ಎಂಬ ಕಾರಣಕ್ಕೆ ರೇಡಿಯೊ ಕೋಣೆಯ ಗಡಿಯಾರದ ಮುಖದ ಮೇಲೆ ಆ ನಿಮಿಷಗಳಿಗೆ ಬಣ್ಣ ಬಳಿದಿರುತ್ತಿತ್ತು. ಅಧಿಕಾರಿ ಕೋಣೆಯಲ್ಲಿ ಇಲ್ಲದಾಗ ಎಚ್ಚರಿಸಲು ಸ್ವಯಂಚಾಲಿತ ಗಂಟೆ ಬಂತು. ನಾಲ್ಕು ಸೆಕೆಂಡಿನ 12 ಗೆರೆಗಳು, ನಡುನಡುವೆ ಒಂದು ಸೆಕೆಂಡಿನ ಬಿಡುವು: ಇದನ್ನು ಗುರುತಿಸಿದರೆ ಯಂತ್ರ ತಾನೇ ಗಂಟೆ ಬಾರಿಸುತ್ತಿತ್ತು.

ಇದೇ ಯಂತ್ರ ಯುದ್ಧದಲ್ಲಿ ಏನಾಗಬಲ್ಲುದು ಎಂಬುದನ್ನು ಹಿಂದೂ ಮಹಾಸಾಗರ 1914ರಲ್ಲೇ ಕಂಡಿತ್ತು. ಮದರಾಸಿನ ಮೇಲೆ ಗುಂಡು ಹಾರಿಸಿ ನಮ್ಮ ಕರಾವಳಿಯನ್ನೆಲ್ಲ ನಡುಗಿಸಿದ ಜರ್ಮನ್ ಯುದ್ಧನೌಕೆ ಎಂಡೆನ್, ಆ ವರ್ಷದ ನವೆಂಬರ್ 9ರಂದು ಕೋಕೋಸ್ ದ್ವೀಪಗಳಲ್ಲಿದ್ದ ಕೇಬಲ್ ಮತ್ತು ರೇಡಿಯೊ ಠಾಣೆಯನ್ನು ಕೆಡವಲು ಹೋಯಿತು. ಠಾಣೆಯವರು ಅಷ್ಟರೊಳಗೆ ಅಪರಿಚಿತ ಹಡಗಿನ ಸುದ್ದಿಯನ್ನು ಕಳಿಸಿಯಾಗಿತ್ತು. ಸಮೀಪದಲ್ಲೇ ಸಾಗುತ್ತಿದ್ದ ಆಸ್ಟ್ರೇಲಿಯಾದ ಯುದ್ಧನೌಕೆ ಸಿಡ್ನಿ ಬಂದು ಎಂಡೆನನ್ನು ಮುಗಿಸಿತು. ತಿಂಗಳುಗಟ್ಟಲೆ ಒಂದು ಸಾಮ್ರಾಜ್ಯದ ನೌಕಾಪಡೆಗೆ ಸಿಗದಿದ್ದ ಹಡಗನ್ನು ಕೆಲವು ಮೋರ್ಸ್ ಅಕ್ಷರಗಳು ಹಿಡಿದುಕೊಟ್ಟವು.

ಕೂಗಿದರೆ ಗುಂಡು

ಎರಡನೆಯ ಯುದ್ಧ ಶುರುವಾದಾಗ ಬ್ರಿಟಿಷ್ ನೌಕಾ ಇಲಾಖೆ ಈ ಪಾಠವನ್ನು ಪದ್ಧತಿಯಾಗಿ ಮಾಡಿತು. ಜಲಾಂತರ್ಗಾಮಿ ಎದುರಾದರೆ ಎಸ್ ಅಕ್ಷರ, ಶತ್ರುವಿನ ಯುದ್ಧನೌಕೆಯಾದರೆ ಆರ್, ಸರಕು ಹಡಗಿನ ವೇಷ ಹಾಕಿದ ದಾಳಿಕೋರನಾದರೆ ಕ್ಯೂ, ವಿಮಾನವಾದರೆ ಎ. ಅಕ್ಷರವನ್ನು ಮತ್ತೆ ಮತ್ತೆ ಒತ್ತಿ, ತಾನಿರುವ ಜಾಗ ತಿಳಿಸಬೇಕು. 1939ರ ಡಿಸೆಂಬರ್ 2ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸರಕು ಹಡಗು ಡೋರಿಕ್ ಸ್ಟಾರ್ ಕಳಿಸಿದ ಇಂಥ ಸಂದೇಶದಿಂದಲೇ ಬ್ರಿಟಿಷ್ ಕಮಡೋರ್ ಹಾರ್ವುಡ್ ಜರ್ಮನ್ ಯುದ್ಧನೌಕೆ ಗ್ರಾಫ್ ಸ್ಪೀ ಎತ್ತ ತಿರುಗಬಹುದೆಂದು ಲೆಕ್ಕಹಾಕಿದರು. ಡಿಸೆಂಬರ್ 13ರಂದು ಪ್ಲೇಟ್ ನದಿಯ ಮುಖದ ಬಳಿ ಅದು ಅವರಿಗೆ ಎದುರಾಯಿತು. ನಮ್ಮ ಕಡಲಿನಲ್ಲಿ ಇದಕ್ಕಿಂತ ನೇರವಾದ ಉದಾಹರಣೆ 1941ರ ಮೇ ತಿಂಗಳದು. ಪಿಂಗ್ವಿನ್ ಎಂಬ ಜರ್ಮನ್ ವೇಷಧಾರಿ ದಾಳಿಕೋರ ಹಡಗು ಬ್ರಿಟಿಷ್ ಎಂಪರರ್ ಎಂಬ ತೈಲ ಹಡಗನ್ನು ತಡೆದಾಗ ಅದು ನಿಲ್ಲದೆ ಕ್ಯೂ ಸಂದೇಶ ಕಳಿಸಿತು. ನೂರಾರು ಮೈಲಿ ದೂರದಲ್ಲಿದ್ದ ಬ್ರಿಟಿಷ್ ಯುದ್ಧನೌಕೆ ಕಾರ್ನ್‌ವಾಲ್ ಅದನ್ನು ಕೇಳಿ ಬೆನ್ನುಹತ್ತಿ ಮರುದಿನ, ಮೇ 8ರಂದು, ಪಿಂಗ್ವಿನನ್ನು ಸಿಡಿಸಿತು. ಆ ಗೆಲುವಿನ ಬೆಲೆಯನ್ನು ಪುಸ್ತಕಗಳು ಮೆಲ್ಲಗೆ ಹೇಳಿ ದಾಟಿಬಿಡುತ್ತವೆ. ಪಿಂಗ್ವಿನ್ನಿನ ಒಡಲಲ್ಲಿ ಸೆರೆಸಿಕ್ಕ ನಾವಿಕರಿದ್ದರು, ಅವರಲ್ಲಿ ಭಾರತೀಯ ಖಲಾಸಿಗಳೂ ಇದ್ದರು. ಬದುಕಿದ ಕೈದಿಗಳು 22 ಮಂದಿ ಮಾತ್ರ.

ದಾಳಿಕೋರರಿಗೂ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವರ ಮೊದಲ ಗುರಿ ರೇಡಿಯೊ ಕೋಣೆ ಮತ್ತು ಏರಿಯಲ್. 1940ರ ನವೆಂಬರ್ 11ರಂದು ಸುಮಾತ್ರಾ ಸಮೀಪ ಜರ್ಮನ್ ದಾಳಿಕೋರ ಹಡಗು ಅಟ್ಲಾಂಟಿಸ್ ಬ್ರಿಟಿಷ್ ಸರಕು ಹಡಗು ಆಟೊಮೆಡನ್‌ನ ಮೇಲೆ ಗುಂಡಿನ ಮಳೆ ಸುರಿಸಿದ್ದು ಅದರ ವಿಪತ್ಕರೆಯನ್ನು ಅರ್ಧದಲ್ಲೇ ತಡೆಯಲು. ಕಪ್ತಾನನೂ ಮೇಲ್ಗಟ್ಟೆಯಲ್ಲಿದ್ದವರೂ ಸತ್ತರು, ಬ್ರಿಟನ್ನಿನ ಪೂರ್ವದೇಶಗಳ ರಕ್ಷಣಾ ಗುಟ್ಟುಗಳಿದ್ದ ಅಂಚೆ ಚೀಲ ಜರ್ಮನರ ಕೈ ಸೇರಿತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅಟ್ಲಾಂಟಿಸ್‌ನ ಹಿಂದಿನ ಹೆಸರು ಗೋಲ್ಡನ್‌ಫೆಲ್ಸ್, ಪಿಂಗ್ವಿನ್ನಿನದು ಕಾಂಡೆಲ್‌ಫೆಲ್ಸ್. ಎರಡೂ ಬ್ರೆಮೆನ್ನಿನ ಹನ್ಸಾ ಕಂಪೆನಿಯ ಸರಕು ಹಡಗುಗಳು, ಎಹ್ರೆನ್‌ಫೆಲ್ಸ್‌ನ ಒಡಹುಟ್ಟುಗಳು. ಮರ್ಮಗೋವಾದಲ್ಲಿ ನಿಂತಿದ್ದ ಹಡಗನ್ನು ನೋಡಿದ ಬ್ರಿಟಿಷ್ ಅಧಿಕಾರಿಗಳಿಗೆ ಅದರ ಅಣ್ಣತಮ್ಮಂದಿರು ನೆನಪಾಗದೆ ಇರಲಾರರು.

ಕರೆ ಕೊಡುವ ಹಡಗು ನಿರಾಯುಧ ಪ್ರಯಾಣಿಕನೋ ನೌಕಾಪಡೆಯ ಕಣ್ಣೋ? ಈ ಕಾನೂನಿನ ವಾದ ಯುದ್ಧ ಮುಗಿದ ಮೇಲೂ ನಡೆಯಿತು. 1946ರ ನ್ಯೂರೆಂಬರ್ಗ್ ತೀರ್ಪಿನಲ್ಲಿ, ಜರ್ಮನ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥನಾಗಿದ್ದ ಅಡ್ಮಿರಲ್ ಡ್ಯೋನಿಟ್ಸ್‌ನ ವಿಚಾರಕ್ಕೆ ಬಂದಾಗ, ಬ್ರಿಟಿಷ್ ಸರಕು ಹಡಗುಗಳು ಜಲಾಂತರ್ಗಾಮಿ ಕಂಡೊಡನೆ ಎಸ್ ಸಂದೇಶ ಕಳಿಸಿ ನೌಕಾ ಗೂಢಚರ್ಯೆಯ ಜಾಲದ ಭಾಗವಾಗಿದ್ದವು ಎಂಬ ಅಂಶವನ್ನು ನ್ಯಾಯಮಂಡಳಿ ಪರಿಗಣಿಸಿತು. ಆಯುಧ ಹೊತ್ತ ಬ್ರಿಟಿಷ್ ಸರಕು ಹಡಗುಗಳ ಮೇಲಿನ ದಾಳಿಯ ಬಗ್ಗೆ ಅವನನ್ನು ತಪ್ಪಿತಸ್ಥನೆನ್ನಲಿಲ್ಲ. ಒಂದು ಪಂಥ ಇದನ್ನು ಸರಿಯೆನ್ನುತ್ತದೆ. ಪ್ರಾಣಭಯದಲ್ಲಿ ಕೂಗುವುದು ಎಂದೂ ಯುದ್ಧಕೃತ್ಯವಾಗದು ಎನ್ನುವ ಇನ್ನೊಂದು ಪಂಥದ ಕಡೆ ನನ್ನ ಒಲವು. 1942ರ ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಹಡಗಿಗೆ ಜಪಾನಿನ ಐ-29 ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಹಡಗಿನಲ್ಲಿದ್ದವರು 958 ಮಂದಿ, ಹೆಚ್ಚಿನವರು ಭಾರತೀಯ ಪ್ರಯಾಣಿಕರು. ರೇಡಿಯೊ ಅಧಿಕಾರಿ ಡಂಕನ್ ಕೊನೆಯವರೆಗೂ ಕೀ ಬಿಟ್ಟು ಏಳಲಿಲ್ಲ, ಹಡಗಿನೊಂದಿಗೇ ಹೋದರು. 280 ಮಂದಿ ಸತ್ತರು, 678 ಮಂದಿ ಬದುಕಿದರು. ಎರಡು ದಿನಗಳ ಮೇಲೆ ಅವರನ್ನು ಎತ್ತಿಕೊಂಡದ್ದು ಬರ್ಮಿಂಗ್‌ಹ್ಯಾಮ್ ಯುದ್ಧನೌಕೆ. ಕೊನೆಯ ನಾಲ್ವರನ್ನು ಕಾರ್ತೇಜ್ ಹಡಗು. ಆ ಕೀಯ ಸದ್ದನ್ನು ಗೂಢಚರ್ಯೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಕೇಳುವ ಪೆಟ್ಟಿಗೆಯೂ ಸುಳಿವು ಕೊಡುತ್ತದೆಯೆ?

ಟ್ರಾನ್ಸ್‌ಮಿಟರ್ ಅಪಾಯಕಾರಿ ಎಂಬುದರಲ್ಲಿ ವಾದವಿಲ್ಲ. ಹಡಗುಪಡೆಗಳು ಮೌನವಾಗಿ ಸಾಗಿದ್ದು, ಜರ್ಮನ್ ಜಲಾಂತರ್ಗಾಮಿಗಳು ಮೌನ ಮುರಿದಾಗಲೆಲ್ಲ ಬ್ರಿಟಿಷರ ದಿಕ್ಕುಶೋಧಕ ಯಂತ್ರಗಳಿಗೆ ಸಿಕ್ಕಿಬಿದ್ದದ್ದು ಚೆನ್ನಾಗಿ ದಾಖಲಾಗಿದೆ. ವಾದವಿರುವುದು ರಿಸೀವರಿನ ಬಗ್ಗೆ. ಆ ಕಾಲದ ಅನೇಕ ರಿಸೀವರುಗಳು ಕೇಳುವ ಕೆಲಸಕ್ಕಾಗಿ ಒಳಗೇ ಸಣ್ಣ ಕಂಪನ ಹುಟ್ಟಿಸುತ್ತಿದ್ದವು. ಅದರ ಒಂದಂಶ ಏರಿಯಲ್ ಮೂಲಕ ಹೊರಗೆ ಸೋರುತ್ತಿತ್ತು. ಇಷ್ಟು ಭೌತವಿಜ್ಞಾನ ಖಚಿತ. ಇದರಿಂದ ಹುಟ್ಟಿದ ಭಯ ದೊಡ್ಡದು: ನಾವಿಕನೊಬ್ಬ ತನ್ನ ಮಂಚದ ಬಳಿ ಹಾಡು ಕೇಳಲು ಇಟ್ಟ ಪೆಟ್ಟಿಗೆಯೇ ಜಲಾಂತರ್ಗಾಮಿಯನ್ನು ಕರೆದು ತಂದರೆ? ಸ್ವಂತ ರೇಡಿಯೊಗಳಿಗೆ ನಿಷೇಧ ಬಂತು. ಅಮೆರಿಕದಲ್ಲಿ ಷಿಕಾಗೋದ ಸ್ಕಾಟ್ ಕಂಪೆನಿ ಅಲೆ ಸೋರದ ವಿಶೇಷ ರಿಸೀವರುಗಳನ್ನು ಕಟ್ಟಿ ಹಡಗಿನವರ ಮನರಂಜನೆಗೆ ಒದಗಿಸಿತು. ಜಲಾಂತರ್ಗಾಮಿಯೊಂದು ಹೀಗೆ ಸೋರಿದ ಅಲೆ ಹಿಡಿದು ಹಡಗನ್ನು ಬೇಟೆಯಾಡಿದ ದೃಢವಾದ ಪ್ರಸಂಗವೊಂದನ್ನು ಈ ಭಯವನ್ನು ನಂಬಿದವರು ಮುಂದಿಟ್ಟಿಲ್ಲ. ಅಲೆಗಳ ನಡುವೆ ತಗ್ಗಾಗಿ ತೇಲುವ ಪುಟ್ಟ ಏರಿಯಲ್ಲಿಗೆ ಅಷ್ಟು ಕ್ಷೀಣ ಅಲೆ ಸಿಗುವ ಹೊತ್ತಿಗೆ ಹಡಗಿನ ಹೊಗೆ ಕಣ್ಣಿಗೇ ಕಂಡಿರುತ್ತಿತ್ತು ಎಂದು ಸಂದೇಹವಾದಿಗಳು ಹೇಳುವುದರಲ್ಲಿ ಹುರುಳಿದೆ. ಆದರೂ ನಿಷೇಧದಿಂದ ಆದ ನಷ್ಟ ಅಲ್ಪ, ನಿಷೇಧಿಸದಿದ್ದರೆ ಆಗಬಹುದಾಗಿದ್ದ ನಷ್ಟ ಅಪಾರ. ಈ ಭಯಕ್ಕೆ ತೆತ್ತ ಬೆಲೆ ಕಡಿಮೆಯೇ.

ಜರ್ಮನರು ಇದೇ ಭಯಕ್ಕೆ ತೆತ್ತದ್ದು ಹೆಚ್ಚು. 1942ರ ಆಗಸ್ಟಿನಿಂದ ಅವರ ಜಲಾಂತರ್ಗಾಮಿಗಳಲ್ಲಿ ಮೆಟಾಕ್ಸ್ ಎಂಬ ಉಪಕರಣವಿತ್ತು. ಶತ್ರು ವಿಮಾನದ ರೇಡಾರ್ ಅಲೆ ಬಂದರೆ ಅದು ಎಚ್ಚರಿಸುತ್ತಿತ್ತು. 1943ರಲ್ಲಿ ವಿಮಾನಗಳು ಎಚ್ಚರಿಕೆಯಿಲ್ಲದೆ ಮೇಲೆರಗತೊಡಗಿದವು. ಸೆರೆಸಿಕ್ಕ ಬ್ರಿಟಿಷ್ ವೈಮಾನಿಕನೊಬ್ಬ, ಮೆಟಾಕ್ಸ್‌ನಿಂದ ಸೋರುವ ಅಲೆಯ ಜಾಡು ಹಿಡಿದೇ ತಾವು ಬರುತ್ತೇವೆ ಎಂದ. ಜರ್ಮನರು ಮೆಟಾಕ್ಸ್ ಸೋರುವುದನ್ನು ಅಳೆದು ನೋಡಿದರು, ಸೋರುತ್ತಿತ್ತು, ಅವನ ಮಾತು ನಂಬಿದರು, ಉಪಕರಣವನ್ನು ಬಂದ್ ಮಾಡಲು ಆದೇಶವಾಯಿತು. ನಿಜವಾದ ಕಾರಣಗಳು ಬೇರೆ: ಮೆಟಾಕ್ಸ್‌ಗೆ ಕೇಳಿಸದ ಹತ್ತು ಸೆಂಟಿಮೀಟರ್ ಅಲೆಯ ಹೊಸ ರೇಡಾರ್, ಬ್ರಿಟಿಷರು ಒಡೆದಿದ್ದ ಎನಿಗ್ಮಾ ಸಂಕೇತ, ದಿಕ್ಕುಶೋಧಕ ಯಂತ್ರಗಳು. ಸೋರಿಕೆ ಇದೆ ಎಂದು ಅಳತೆಯಿಂದ ಸಿದ್ಧವಾದ ಮಾತ್ರಕ್ಕೆ ಸೋರಿಕೆಯೇ ಕಾರಣವೆಂದು ಸಿದ್ಧವಾಗುವುದಿಲ್ಲ. ಗೋವಾದ ಕಥೆಯನ್ನು ತೂಗುವಾಗ ಈ ವ್ಯತ್ಯಾಸವೇ ನನ್ನ ತಕ್ಕಡಿ.

ಮರ್ಮಗೋವಾ: ವೀರಗಾಥೆಯ ಪಂಥ

ಲೀಸರ್ ಪುಸ್ತಕದಿಂದ ಬಂದ ಮೊದಲ ಪಂಥದ ಬಲ ಅದರ ಸರಳತೆಯಲ್ಲಿದೆ. ಮುಂಬಯಿಯ ಸುತ್ತಮುತ್ತಲ ಸುದ್ದಿಯನ್ನು ಗೂಢಚಾರರು ಗೋವಾಕ್ಕೆ ತಲುಪಿಸುತ್ತಾರೆ, ಎಹ್ರೆನ್‌ಫೆಲ್ಸ್ ಅದನ್ನು ಸಮುದ್ರಕ್ಕೆ ಬಿತ್ತರಿಸುತ್ತದೆ, ಜಲಾಂತರ್ಗಾಮಿಗಳು ಕಾದು ಹೊಡೆಯುತ್ತವೆ. ಈ ವಾದದ ಜೊತೆಗೆ ಸದಾ ಬರುವ ಲೆಕ್ಕವೊಂದಿದೆ: 1943ರ ಮಾರ್ಚ್ ತಿಂಗಳ ಮೊದಲ 11 ದಿನಗಳಲ್ಲಿ 12 ಹಡಗುಗಳು, ಸುಮಾರು 80,000 ಟನ್, ಮುಳುಗಿದವು, ದಾಳಿಯ ನಂತರ ತಿಂಗಳ ಕೊನೆಯವರೆಗೆ ಮುಳುಗಿದ್ದು ಒಂದೇ. ತಾಂತ್ರಿಕವಾಗಿ ಇದರಲ್ಲಿ ಅಸಾಧ್ಯವೇನೂ ಇಲ್ಲ. ಕಿರುಅಲೆಗಳು ಆಕಾಶದ ಅಯಾನುಗೋಳಕ್ಕೆ ತಾಗಿ ಮರಳುವುದರಿಂದ ದೊಡ್ಡ ಸರಕು ಹಡಗಿನ ಟ್ರಾನ್ಸ್‌ಮಿಟರಿಗೆ ಸಾವಿರಾರು ಕಿಲೋಮೀಟರ್ ಕಷ್ಟವಲ್ಲ. ತಟಸ್ಥ ಬಂದರಿನಲ್ಲಿ ರೇಡಿಯೊ ಬಳಸಿ ಯುದ್ಧಕ್ಕೆ ನೆರವಾಗುವುದನ್ನು 1907ರ ಹೇಗ್ ಒಪ್ಪಂದ ನಿಷೇಧಿಸಿತ್ತು, ನಿಜ. ಗೋವಾದ ಅಧಿಕಾರಿಗಳ ಕಾವಲು ಎಷ್ಟು ಬಿಗಿಯಾಗಿತ್ತೆಂಬುದು ಬೇರೆ ಮಾತು.

ಆ ದಿನಗಳ ವಾತಾವರಣವೂ ಈ ನಂಬಿಕೆಗೆ ಗೊಬ್ಬರ ಹಾಕಿತು. 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಕಾಶಿಯ ದಶಾಶ್ವಮೇಧ ಘಾಟಿನ ಮೇಲ್ಗಡೆಯ ಮನೆಯಾಗಲಿ, ಮಂಗಳೂರಿನ ಬಂದರಿನ ಅಂಗಡಿಯಾಗಲಿ, ಬರೀ ರಿಸೀವರ್ ಇಟ್ಟುಕೊಳ್ಳಲೂ ಪರವಾನಗಿ ಬೇಕಿತ್ತು. ಯುದ್ಧ ಬಂದೊಡನೆ ಹವ್ಯಾಸಿಗಳ ಟ್ರಾನ್ಸ್‌ಮಿಟರುಗಳನ್ನು ಕಿತ್ತುಕೊಳ್ಳಲಾಯಿತು. ಹೀಗಿದ್ದೂ 1942ರ ಆಗಸ್ಟಿನಿಂದ ನವೆಂಬರಿನವರೆಗೆ ಉಷಾ ಮೆಹ್ತಾ ಮತ್ತು ಸಂಗಡಿಗರ ಕಾಂಗ್ರೆಸ್ ರೇಡಿಯೊ ಮುಂಬಯಿಯಲ್ಲೇ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಪ್ರಸಾರ ನಡೆಸಿತ್ತು; ಸುಭಾಷರ ಆಜಾದ್ ಹಿಂದ್ ರೇಡಿಯೊ ಜರ್ಮನಿಯಿಂದ ಕೇಳಿಬರುತ್ತಿತ್ತು. ನಾಲ್ಕು ತಿಂಗಳ ಕೆಳಗಷ್ಟೇ ಒಂದು ಗುಪ್ತ ಟ್ರಾನ್ಸ್‌ಮಿಟರನ್ನು ಬೆನ್ನಟ್ಟಿ ಹಿಡಿದಿದ್ದ ಸರ್ಕಾರಕ್ಕೆ ಇನ್ನೊಂದರ ಶಂಕೆ ಸಹಜ.

ಸಂದೇಹದ ಪಂಥ

ಲೆಕ್ಕದಿಂದಲೇ ಹೊರಡೋಣ. ಮಾರ್ಚ್ ಮೊದಲ ವಾರದ ಅತಿ ದೊಡ್ಡ ಹೊಡೆತ ಬಿದ್ದದ್ದು ಡಿಎನ್-21 ಎಂಬ ಹಡಗುಪಡೆಗೆ. ಮಾರ್ಚ್ 3 ಮತ್ತು 4ರ ನಡುವಿನ ರಾತ್ರಿ ಯು-160 ಅದರ ನಾಲ್ಕು ಹಡಗುಗಳನ್ನು ಮುಳುಗಿಸಿ ಎರಡನ್ನು ಜಖಂಗೊಳಿಸಿತು. ಮುಳುಗಿದವುಗಳಲ್ಲಿ ಬ್ರಿಟಿಷ್ ಇಂಡಿಯಾ ಕಂಪೆನಿಯ ನಿರ್ಪುರಾ ಕೂಡ ಒಂದು. ಇದು ನಡೆದದ್ದು ದಕ್ಷಿಣ ಆಫ್ರಿಕಾದ ಡರ್ಬನ್ ಆಚೆಯ ಕಡಲಿನಲ್ಲಿ, ಮರ್ಮಗೋವಾದಿಂದ ಸುಮಾರು ಏಳು ಸಾವಿರ ಕಿಲೋಮೀಟರ್ ದೂರ. ಡರ್ಬನ್ನಿನಿಂದ ಹೊರಟ ಹಡಗುಗಳ ಹಾದಿ ಗೋವಾದಲ್ಲಿ ಕೂತವನಿಗೆ ಗೊತ್ತಾಗುವುದು ಹೇಗೆ? ಆ ಚಳಿಗಾಲದಲ್ಲಿ ಹಿಂದೂ ಮಹಾಸಾಗರದ ಅಂಚಿಗೆ ಬಂದಿದ್ದ ಜರ್ಮನ್ ಜಲಾಂತರ್ಗಾಮಿಗಳು ಆಫ್ರಿಕಾದ ದಕ್ಷಿಣ ತುದಿಯ ಸುತ್ತ ಕೆಲಸಮಾಡುತ್ತಿದ್ದ ಜೀಹುಂಡ್ ತಂಡದವು; ತಿಂಗಳ ಕೊನೆಯ ಹೊತ್ತಿಗೆ ಅವುಗಳ ಬೇಟೆಯ ಕಾಲವೇ ಮುಗಿಯುತ್ತ ಬಂದಿತ್ತು. ಮುಳುಗಡೆ ಇಳಿದದ್ದಕ್ಕೆ ಇದು ಸಾಕಷ್ಟು ಕಾರಣ. ಸಾಲದೆಂಬಂತೆ 1943ರ ಜನವರಿಯಲ್ಲಿ ಚರ್ಚಿಲ್ ಹಿಂದೂ ಮಹಾಸಾಗರಕ್ಕೆ ಹೋಗುವ ಹಡಗುಗಳ ಸಂಖ್ಯೆಯನ್ನೇ ಗಣನೀಯವಾಗಿ ಕಡಿತಗೊಳಿಸಿದ್ದರು. ಬಂಗಾಳದ ಕ್ಷಾಮದ ಚರ್ಚೆಯಲ್ಲಿ ಈ ಕಡಿತ ಮತ್ತೆ ಮತ್ತೆ ಬರುತ್ತದೆ. ಹಡಗು ಕಡಿಮೆಯಾದರೆ ಗುರಿಯೂ ಕಡಿಮೆ. ಇನ್ನೊಂದು ಕೊಂಕು: ದಾಳಿ ನಡೆದದ್ದು 9ರ ರಾತ್ರಿ, ಲೆಕ್ಕದ ಗೆರೆ ಎಳೆದದ್ದು 11ಕ್ಕೆ. ಟ್ರಾನ್ಸ್‌ಮಿಟರ್ ನಾಶವಾದ ಮೇಲಿನ ದಿನಗಳೂ ಅದರ ಖಾತೆಗೇ ಜಮೆಯಾಗಿವೆ.

ನಮ್ಮ ಕರಾವಳಿಗೆ ಜರ್ಮನ್ ಜಲಾಂತರ್ಗಾಮಿಗಳು ನಿಜವಾಗಿ ಬಂದದ್ದು ಯಾವಾಗ ಎಂಬುದು ಇನ್ನೂ ಮುಖ್ಯ. ಮಾನ್ಸೂನ್ ತಂಡವೆಂದು ಕರೆಯುವ ಆ ಗುಂಪು ಅರಬ್ಬೀ ಸಮುದ್ರ ಮುಟ್ಟಿದ್ದು 1943ರ ಸೆಪ್ಟೆಂಬರ್ ಸುಮಾರಿಗೆ. ಅಕ್ಟೋಬರ್ 11ರಂದು ಸಿಂಧಿಯಾ ಕಂಪೆನಿಯ ಜಲಬಾಲಾ ಹಡಗನ್ನು ಯು-532 ಮಲಬಾರ್ ತೀರದಾಚೆ ಮುಳುಗಿಸಿತು. ಭಾರತೀಯ ಕಂಪೆನಿಯ, ಭಾರತೀಯ ನಾವಿಕರ ಹಡಗು. ಎಹ್ರೆನ್‌ಫೆಲ್ಸ್ ನಾಶವಾಗಿ ಏಳು ತಿಂಗಳಾಗಿತ್ತು. ಮರ್ಮಗೋವಾದ ರೇಡಿಯೊ ಇದ್ದಾಗ ಕರಾವಳಿಯ ಹತ್ತಿರ ಜರ್ಮನ್ ಜಲಾಂತರ್ಗಾಮಿಗಳಿರಲಿಲ್ಲ. ಜಲಾಂತರ್ಗಾಮಿಗಳು ಬಂದಾಗ ಆ ರೇಡಿಯೊ ಇರಲಿಲ್ಲ. ಈ ಒಂದು ಕಾಲಕ್ರಮದ ಮುಂದೆ ವೀರಗಾಥೆಯ ಲೆಕ್ಕ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿಯುವುದು ಜಪಾನೀ ಜಲಾಂತರ್ಗಾಮಿಗಳು. ತಿಲಾವಾವನ್ನು ಹೊಡೆದದ್ದು ಅವೇ. ಆದರೆ ಗೋವಾದಿಂದ ಬರ್ಲಿನ್ನಿಗೆ, ಬರ್ಲಿನ್ನಿನಿಂದ ಟೋಕಿಯೋಗೆ, ಅಲ್ಲಿಂದ ಜಪಾನೀ ಜಲಾಂತರ್ಗಾಮಿಗಳ ನೆಲೆಯಾದ ಪೆನಾಂಗಿಗೆ ಸುದ್ದಿ ಸುತ್ತಿ ಬರುವಷ್ಟರಲ್ಲಿ ಹಡಗು ಬಹುದೂರ ಹೋಗಿರುತ್ತದೆ.

ಮೂರನೆಯ ದಾರಿ

ಹಾಗಾದರೆ ಎಸ್‌ಒಇ ಅಷ್ಟು ದೊಡ್ಡ ಅಪಾಯಕ್ಕೆ ಏಕೆ ಕೈಹಾಕಿತು, ಒಂದು ತಟಸ್ಥ ದೇಶದ ಬಂದರಿಗೆ ನುಗ್ಗಿತು? ಇದು ಸಂದೇಹದ ಪಂಥಕ್ಕೆ ಬರುವ ಗಂಭೀರ ಆಕ್ಷೇಪ. ಮೂರನೆಯ ಪಂಥ ಇದಕ್ಕೆ ಹಡಗುಗಳನ್ನೇ ತೋರಿಸಿ ಉತ್ತರಿಸುತ್ತದೆ. ಆ ಚಳಿಗಾಲದಲ್ಲಿ ಮಿತ್ರರಾಷ್ಟ್ರಗಳಿಗೆ ಹಡಗಿನ ಬರ ವಿಪರೀತವಾಗಿತ್ತು. ಸುಸ್ಥಿತಿಯ ನಾಲ್ಕು ಸರಕು ಹಡಗುಗಳು ಕೈಗೆ ಸಿಕ್ಕರೆ ಅದೇ ದೊಡ್ಡ ಲಾಭ. ಇದಕ್ಕೆ ಮಾದರಿಯೂ ಇತ್ತು. 1942ರ ಜನವರಿ 14ರಂದು ಸ್ಪೇನಿನ ವಶದಲ್ಲಿದ್ದ ಫರ್ನಾಂಡೊ ಪೋ ದ್ವೀಪದಿಂದ ಎಸ್‌ಒಇ ಮಂದಿ ಡುಕೆಸ್ಸಾ ದ'ಅಓಸ್ತಾ ಎಂಬ ಇಟಲಿಯ ಹಡಗನ್ನು ರಾತ್ರೋರಾತ್ರಿ ಎಳೆದೊಯ್ದಿದ್ದರು. ಅಲ್ಲಿಯೂ ಹಡಗಿನ ರೇಡಿಯೊ ಕೆಲಸಮಾಡುತ್ತಿದೆ, ಅದರಿಂದ ಸಂಚಾರದ ಸುದ್ದಿ ಹೋಗಬಹುದು ಎಂಬುದು ಒಂದು ಕಾರಣವಾಗಿ ಕೇಳಿಬಂದಿತ್ತು. ತಟಸ್ಥ ಬಂದರಿನ ಹಡಗನ್ನು ಕದಿಯಲು ಹೊರಟವರಿಗೆ ರೇಡಿಯೊ ಒಳ್ಳೆಯ ಸಮರ್ಥನೆ. ಪರರ ಆಸ್ತಿ ಬೇಕು ಎನ್ನುವುದಕ್ಕಿಂತ ನಮ್ಮ ನಾವಿಕರನ್ನು ಉಳಿಸಬೇಕು ಎನ್ನುವ ಮಾತು ಮೇಲಧಿಕಾರಿಗಳ ಕಿವಿಗೂ ಚರಿತ್ರೆಯ ಕಿವಿಗೂ ಹಿತ. ಇದರಿಂದ ರೇಡಿಯೊದ ಭಯ ಸುಳ್ಳಾಗಿತ್ತು ಎಂದಾಗುವುದಿಲ್ಲ. ಭಯವೂ ಲಾಭದ ಆಸೆಯೂ ಒಂದೇ ಕಡತದಲ್ಲಿ ಕೂಡಿಕೊಂಡಿದ್ದಿರಬಹುದು.

ಎರಡನೆಯ ಆಕ್ಷೇಪ ನೈತಿಕವಾದದ್ದು. ಯುದ್ಧದಲ್ಲಿ ಪುರಾವೆಗಾಗಿ ಕಾಯುತ್ತ ಕೂತರೆ ಹಡಗುಗಳು ಮುಳುಗುತ್ತವೆ. ಕುರ್ಚಿಯಲ್ಲಿ ಕೂತು ಎಂಬತ್ತು ವರ್ಷಗಳ ಮೇಲೆ ತೀರ್ಪು ಕೊಡುವುದು ಸುಲಭ ಎನ್ನುತ್ತಾರೆ. ಇದನ್ನು ಅರ್ಧ ಒಪ್ಪುತ್ತೇನೆ. ಅಂದು ಶಂಕೆಯ ಮೇಲೆ ನಿರ್ಧಾರ ತೆಗೆದುಕೊಂಡವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಅಂದಿನ ಶಂಕೆ ಇಂದಿನ ಚರಿತ್ರೆಯಲ್ಲಿ ಸಾಬೀತಾದ ಸತ್ಯವಾಗಿ ಕೂರಬಾರದು. ಆಮೇಲಿನವರಿಗೆ ಪುರಾವೆ ಹುಡುಕುವ ಸಮಯವಿದೆ, ಹಾಗಾಗಿ ಹುಡುಕುವ ಹೊಣೆಯೂ ಇದೆ. ಹದಿನೆಂಟು ಮಂದಿಯ ಧೈರ್ಯ ಇದರಿಂದ ಕುಂದುವುದಿಲ್ಲ. ತಮ್ಮ ಹಡಗನ್ನು ಕಾಯುತ್ತ ಸತ್ತ ಜರ್ಮನರ ಸಾವು ಮಾತ್ರ ಬೇರೆ ಬೆಳಕಿನಲ್ಲಿ ಕಾಣಬೇಕಾಗುತ್ತದೆ.

ಮೂರನೆಯ ಆಕ್ಷೇಪ ತಾಂತ್ರಿಕ: ಗುಪ್ತ ಪ್ರಸಾರದ ಕುರುಹು ಉಳಿಯದು, ಆದ್ದರಿಂದ ಪುರಾವೆ ಇಲ್ಲದಿರುವುದೇ ಪುರಾವೆಯಲ್ಲ ಎನ್ನುವುದು. ಇದಕ್ಕೆ ಉತ್ತರ ಅಂದಿನ ಕೇಳುಗರಲ್ಲಿದೆ. ಜಾಗ ಬದಲಿಸದ ಟ್ರಾನ್ಸ್‌ಮಿಟರಿನಷ್ಟು ಸುಲಭವಾಗಿ ಸಿಗುವುದು ಇನ್ನೊಂದಿಲ್ಲ. ಎರಡು ಮೂರು ದಿಕ್ಕುಶೋಧಕ ಠಾಣೆಗಳ ಗೆರೆಗಳು ಕೂಡುವಲ್ಲಿ ಅದು ಇರುತ್ತದೆ. ಭಾರತದಲ್ಲಿ ಬ್ರಿಟಿಷರ ರೇಡಿಯೊ ಆಲಿಸುವ ವ್ಯವಸ್ಥೆ ಸಣ್ಣದಾಗಿರಲಿಲ್ಲ. ದೆಹಲಿಯ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಎಂಬ ಮುಗ್ಧ ಹೆಸರಿನ ಸಂಕೇತಭೇದಕ ಕೇಂದ್ರಕ್ಕೆ ಬೆಂಗಳೂರಿನಲ್ಲೂ ಒಂದು ಶಾಖೆಯಿತ್ತು, ಅದರ ಮುಖ್ಯ ಗುರಿ ಜಪಾನೀ ಸೇನೆಯಾಗಿದ್ದರೂ. ಜರ್ಮನ್ ಕಡೆಯಲ್ಲೂ ಹಾಗೆಯೇ: ಜಲಾಂತರ್ಗಾಮಿಗಳು ಆಜ್ಞೆ ಪಡೆಯುತ್ತಿದ್ದದ್ದು ಡ್ಯೋನಿಟ್ಸ್‌ನ ಕೇಂದ್ರ ಕಚೇರಿಯಿಂದ, ಆ ಕಚೇರಿಯ ದಿನಚರಿಯೂ ಒಂದೊಂದು ಜಲಾಂತರ್ಗಾಮಿಯ ದಿನಚರಿಯೂ ಯುದ್ಧದ ಕೊನೆಗೆ ಬಹುಪಾಲು ಮಿತ್ರರಾಷ್ಟ್ರಗಳ ಕೈಗೆ ಸಿಕ್ಕಿ ಉಳಿದುಕೊಂಡಿವೆ. ಇಂಥ ದಿನ ಇಂಥ ಸಂದೇಶ, ಅದರಿಂದ ಇಂಥ ಹಡಗು ಎಂಬ ಜೋಡಣೆಯೊಂದನ್ನು ವೀರಗಾಥೆಯ ಪಂಥ ತೋರಿಸಿದ ದಿನ ನನ್ನ ವಾದ ಬದಲಾಗಬೇಕಾಗುತ್ತದೆ.

ತೀರ್ಮಾನವಾಗದೆ ಉಳಿದದ್ದು

ಎಹ್ರೆನ್‌ಫೆಲ್ಸ್ ಪ್ರಸಾರವನ್ನೇ ಮಾಡಲಿಲ್ಲವೆಂದು ಇದರಿಂದ ಸಿದ್ಧವಾಗಿಲ್ಲ. ಹಡಗಿನಲ್ಲಿ ರೇಡಿಯೊ ಇದ್ದಿರಲೇಬೇಕು. ಪೋರ್ಚುಗೀಸರು ಅದನ್ನು ಮುದ್ರೆಹಾಕಿ ಮುಚ್ಚಿದ್ದರೆ, ಮುದ್ರೆ ಯಾವಾಗ ಯಾರಿಂದ ಒಡೆಯಿತು? ಪ್ರಸಾರವಾಗಿದ್ದರೆ ಅದು ಕಡಲಿಗೋ, ಬರ್ಲಿನ್ನಿಗೋ, ಮನೆಯವರಿಗೆ ಕುಶಲವಾರ್ತೆಯೋ? ದಾಳಿಯ ನಿರ್ಧಾರದಲ್ಲಿ ರೇಡಿಯೊ ಮೊದಲು ಬಂತೋ, ಹಡಗಿನ ಆಸೆ ಮೊದಲು ಬಂತೋ? ರಿಸೀವರ್ ಸೋರಿಕೆಯಿಂದ ಒಂದಾದರೂ ಹಡಗು ಮುಳುಗಿತೇ ಎಂಬುದೂ ತೆರೆದೇ ಇದೆ. ನಮ್ಮ ಪಾಲಿಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಬ್ರಿಟಿಷ್ ಹಡಗುಗಳಲ್ಲಿ ಭಾರತೀಯ ಖಲಾಸಿಗಳು ಡೆಕ್ಕಿನಲ್ಲೂ ಎಂಜಿನ್ ಕೋಣೆಯಲ್ಲೂ ಅಡುಗೆಮನೆಯಲ್ಲೂ ದುಡಿದರು, ಆರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ರೇಡಿಯೊ ಕೋಣೆ ಬಹುಪಾಲು ಬಿಳಿಯರದಾಗಿತ್ತು. ಹಡಗು ಕರೆ ಕೊಟ್ಟಿದೆಯೇ, ಉತ್ತರ ಬಂದಿದೆಯೇ ಎಂಬುದು ಕೆಳಗಿನ ಖಲಾಸಿಗೆ ತಿಳಿಯುತ್ತಿತ್ತೇ? ಈ ವಿಷಯವನ್ನು ಅಧ್ಯಯನ ಮಾಡಿದವರು ತೀರ ಕಡಿಮೆ.

ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಸ್‌ಒಇಯ ಪೂರ್ವದೇಶಗಳ ಕಡತಗಳಿವೆ, ಫ್ರೈಬುರ್ಗ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ದಿನಚರಿಗಳಿವೆ, ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸ್ ಆಡಳಿತದ ದಾಖಲೆಗಳಿವೆ. ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ತಾರೀಕಿಗೆ ತಾರೀಕು ತಾಳೆ ನೋಡುವ ಕೆಲಸ ಆಗಬೇಕು. ಮೂರನೆಯ ಪತ್ರಾಗಾರ ನಮ್ಮ ಗಡಿಯಾಚೆಯೇ ಇದೆ. ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗದ ತರುಣ ಸಂಶೋಧಕರು, ಪೋರ್ಚುಗೀಸ್ ಓದಬಲ್ಲ ಕೊಂಕಣಿ ಗೆಳೆಯರ ನೆರವು ಪಡೆದು, ಅಲ್ಲಿಂದಲೇ ಶುರುಮಾಡಲಿ.